ಅವ್ವನ ಮನೆ ಮತ್ತು ಸಿಲಿಕಾನ್ ಗನ್ನು

ಮೊದಲೇ ಹೇಳಿಬಿಡ್ತೀನಿ. ನಾನು ಗೌಂಡಿಯೂ ಅಲ್ಲ, ಸಿವಿಲ್ ಇಂಜಿನಿಯರೂ ಅಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕೀಲಿಮಣೆ ಕುಟ್ಟುವವನು. ಆದರೆ ಗೋಕಾಕದ ನಮ್ಮ ಹಳೇ ಮನೆಯ ಒಂದು ಗೋಡೆಯನ್ನು ಕೈಯಾರೆ ಕೆಡಿಸಿದ್ದೇನೆ. ಹಾಗಾಗಿ ಸಂದಿ ಮುಚ್ಚುವ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಅರ್ಹತೆ ಬಂದಿದೆ ಅಂದುಕೊಂಡಿದ್ದೇನೆ :)

2019ರ ಆಗಸ್ಟ್ ನೆನಪಿದೆಯಲ್ಲ? ಘಟಪ್ರಭೆ ಉಕ್ಕಿ, ಲೋಳಸೂರ ಸೇತುವೆ ಮುಳುಗಿ, ಊರಿನ ತಗ್ಗಿನ ಓಣಿಗಳಿಗೆಲ್ಲ ನೀರು ನುಗ್ಗಿತ್ತು. ನಮ್ಮ ಮನೆಯೊಳಗೆ ಮೊಣಕಾಲ ಮಟ್ಟ ನೀರು. ಅದು ಇಳಿದ ಮೇಲೆ ಬೆಳಗಾವಿಯಿಂದ ಅಣ್ಣ ಬಂದ. ಬಾಗಿಲ ಮೇಲಿನ ಬಿರುಕು ನೋಡಿದವನೇ, "ಅವ್ವಾ, ಇದನ್ನ ಕೆಡವಿ ಸ್ಲ್ಯಾಬ್ ಹಾಕೂಣು, ಇಲ್ಲಾ ಮಾರೂಣು. ಅಲ್ಲೀತನಕ ನನ್ನ ಕೂಡ ನಡಿ" ಅಂದ. ಅವ್ವ ರಾಡಿ ಬಳಿಯೋದನ್ನ ನಿಲ್ಲಿಸಲೂ ಇಲ್ಲ. "ಸೋರೂ ಮನಿ ಬ್ಯಾರೆ, ಬೀಳೂ ಮನಿ ಬ್ಯಾರೆ. ಇದು ಬೀಳೂದಿಲ್ಲ" ಅಂದಳು.

ನಾನು ಅವ್ವನ ಪಾರ್ಟಿ. ಬಿರುಕೆಲ್ಲ ಮುಚ್ಚಿ, ಗೋಡೆ ನುಣ್ಣಗೆ ಮಾಡಿ ತೋರಿಸಿದರೆ ಅಣ್ಣನ ಬಾಯಿ ತಾನಾಗೇ ಮುಚ್ಚುತ್ತೆ ಅಂತ ಲೆಕ್ಕ ಹಾಕಿದೆ.

ಹಾರ್ಡ್‌ವೇರ್ ಅಂಗಡಿಗೆ ಹೋದೆ. ನಮ್ಮ ಕಡೆ ಸೀಲಂಟ್, ಕಾಕ್ ಅಂತೆಲ್ಲ ಕೇಳಿದರೆ ಮುಖ ನೋಡ್ತಾರೆ. ಟ್ಯೂಬಿನಲ್ಲಿ ಬರೋದೆಲ್ಲ 'ಸಿಲಿಕಾನ್'. ಅಂಗಡಿಯವರ ಪ್ರಶ್ನೆ ಒಂದೇ: "ಬಿಳೀದ ಕೊಡ್ಲ್ಯೋ, ಟ್ರಾನ್ಸ್‌ಪರಂಟ್ ಕೊಡ್ಲ್ಯೋ?" ಬಣ್ಣ ಕೇಳ್ತಾರೆ, ಎಲ್ಲಿಗೆ ಹಚ್ತೀರಿ ಅಂತ ಕೇಳೋದಿಲ್ಲ. ನಾನೂ ಹೇಳಲಿಲ್ಲ. ನಾಲ್ಕು ಟ್ಯೂಬು, ಒಂದು ಗನ್ನು ತಂದೆ. ಗನ್ನು ನೋಡಿ ಅವ್ವ, "ಇದೇನೋ ತಮ್ಮಾ, ಚಕ್ಕಲಿ ಹಿಂಡೂದು ತಂದಿ?" ಅಂದಳು.

ಎರಡು ದಿನ ಚಕ್ಕಲಿ ಹಿಂಡಿದ್ದೇ ಹಿಂಡಿದ್ದು! ಫರಸಿ ಮತ್ತು ಗೋಡೆ ಕೂಡುವ ಸಂದಿಗೆ, ಕಿಡಕಿ ಸುತ್ತ, ಬಾಗಿಲ ಮೇಲಿನ ಬಿರುಕಿಗೆ. ಮನೆಯೆಲ್ಲ ಹುಳಿಹುಳಿ ವಾಸನೆ. ಸಾಲದ್ದಕ್ಕೆ ಗೋಡೆಯ ಕೆಳಭಾಗಕ್ಕೆ ಸಿಮೆಂಟ್ ಗಿಲಾವು ಮಾಡಿಸಿ ಮೇಲೆ ಆಯಿಲ್ ಪೇಂಟ್ ಬಳಿಸಿದೆ. ದಸರೆಗೆ ಮನೆ ಮದುಮಗಳ ಹಾಗೆ ಹೊಳೀತಿತ್ತು. ಸಂಕ್ರಾಂತಿಗೆ ಹೋದಾಗ ಪೇಂಟು ಹಪ್ಪಳದ ಹಾಗೆ ಉಬ್ಬಿತ್ತು. ಒತ್ತಿದರೆ ಒಳಗಿಂದ ಉಪ್ಪಿನ ಪುಡಿ. ಮೊದಲು ಮೊಣಕಾಲ ಮಟ್ಟ ಇದ್ದ ಹಸಿ ಈಗ ಸೊಂಟದ ಮಟ್ಟಕ್ಕೆ ಏರಿತ್ತು. ದೇವರ ಕೋಣೆ ಪಕ್ಕದಲ್ಲಿ ಒಂದು ಪರಾತದಷ್ಟು ಗಿಲಾವು ಕಳಚಿ ಬಿದ್ದಿತ್ತು. ಅಣ್ಣನಿಗೆ ಹೇಳಬೇಡ ಅಂತ ಅವ್ವ ನನಗೇ ಹೇಳಿದಳು.

ಹಳೇ ಗೌಂಡಿ ಕಾಕಾ ಒಬ್ಬರನ್ನು ಕರೆಸಿದೆವು. ಅವರು ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು, ಜ್ವರ ನೋಡೋ ಹಾಗೆ. ಆಮೇಲೆ ಅಂದರು: "ಸಾಹೇಬ್ರ, ನೀರ ಒಳಗ ಬರಬಾರ್ದಂತ ಬಾಗಲಾ ಹಾಕೀರಿ. ಒಳಗ ಇದ್ದ ನೀರ ಎತ್ತಾಗಿಂದ ಹೊರಗ ಹೋಗಬೇಕು?"

ಅಷ್ಟೇ ವಿಷಯ. ಕಲ್ಲು-ಮಣ್ಣಿನ ಗೋಡೆ, ಸುಣ್ಣದ ಗಿಲಾವು ಅಂದರೆ ಉಸಿರಾಡುವ ಗೋಡೆ. ಪ್ರವಾಹದಲ್ಲಿ ಕುಡಿದ ನೀರನ್ನು ಅದು ತಿಂಗಳುಗಟ್ಟಲೆ ನಿಧಾನವಾಗಿ ಹೊರಗೆ ಬಿಡುತ್ತೆ. ನಾನು ಅದರ ಮೂಗು ಬಾಯಿ ಎರಡೂ ಮುಚ್ಚಿದ್ದೆ. ನೀರು ದಾರಿ ಹುಡುಕಿಕೊಂಡು ಮೇಲಕ್ಕೆ ಹತ್ತಿತು. ಜೊತೆಗೆ ನಾನು ತಂದಿದ್ದು ಹುಳಿ ವಾಸನೆಯ ಸಿಲಿಕಾನ್. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ, ಅಂದರೆ ವಿನೆಗರ್‌ನಲ್ಲಿರೋ ಆಮ್ಲ. ಗಾಜು, ಹೊಳಪಿನ ಟೈಲ್ಸ್, ವಾಶ್‌ಬೇಸಿನ್ನಿಗೆ ಬಹಳ ಒಳ್ಳೇದು. ಸುಣ್ಣ, ಸಿಮೆಂಟು, ಅಮೃತಶಿಲೆಗೆ ಆ ಹುಳಿ ಆಗಿಬರೋದಿಲ್ಲ, ಅಂಟು ಬಿಡುತ್ತೆ. ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ. ಇಂಥ ಕಡೆ ಸಿಲಿಕಾನೇ ಬೇಕು ಅಂದರೆ ಟ್ಯೂಬಿನ ಮೇಲೆ 'ನ್ಯೂಟ್ರಲ್' ಅಂತ ಬರೆದದ್ದನ್ನು ಕೇಳಿ ತಗೋಬೇಕು. ಇನ್ನೊಂದು ತಾಪತ್ರಯ, ಸಿಲಿಕಾನ್ ಮೇಲೆ ಬಣ್ಣ ನಿಲ್ಲೋದಿಲ್ಲ. ಹಳೇ ಸಿಲಿಕಾನ್ ಮೇಲೆ ಹೊಸ ಸಿಲಿಕಾನೂ ಸರಿಯಾಗಿ ಹಿಡಿಯೋದಿಲ್ಲ. ಪೂರ್ತಿ ಕೆರೆದು ತೆಗೀಬೇಕು. ನಾನು ಬ್ಲೇಡು ಹಿಡಿದು ಮೂರು ದಿನ ಕೆರೆದೆ, ಪಾಪ ಪರಿಹಾರ ಅಂತ ಇಟ್ಕೊಳ್ಳಿ.

ಸಿಮೆಂಟ್ ಗಿಲಾವು ಕಿತ್ತು ಬೇಸಿಗೆ ಪೂರ್ತಿ ಗೋಡೆಯನ್ನು ಬತ್ತಲೆ ಬಿಟ್ಟೆವು. ಬಂದವರೆಲ್ಲ "ಏನಾತ್ರಿ?" ಅನ್ನೋರು. ಆಮೇಲೆ ಕಾಕಾ ಸುಣ್ಣ ಅರಳಿಸಿ, ಉಸುಕು ಕಲಸಿ, ಬೆಲ್ಲದ ನೀರು ಹಾಕಿ ಮತ್ತೆ ಸುಣ್ಣದ ಗಿಲಾವೇ ಮಾಡಿದರು. ಬಾಗಿಲ ಮೇಲಿನ ಬಿರುಕನ್ನು ಮಾತ್ರ ಮುಟ್ಟಲಿಲ್ಲ. ಅದರ ಮೇಲೆ ಅಡ್ಡಲಾಗಿ ಎರಡು ತೆಳು ಗಾಜಿನ ಚೂರು ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಯೋಕೆ ಹೇಳಿದರು. "ಕಾಜ ಒಡದ್ರ ಬಿರುಕು ಜೀವಂತ ಐತಿ ಅಂತ ತಿಳೀರಿ. ಒಡೀಲಿಲ್ಲಾ, ಸತ್ತೈತಿ. ಸತ್ತದ್ದಕ್ಕ ಏನರ ತುಂಬ್ರಿ, ನಡೀತೈತಿ."

ಬಿರುಕಿನಲ್ಲೂ ಸತ್ತದ್ದು, ಬದುಕಿದ್ದು ಅಂತ ಇದೆ ಅನ್ನೋದು ನನಗೆ ಅರ್ಥವಾಗಿದ್ದು ಮೂಡಲಗಿಯಲ್ಲಿ. ಅಲ್ಲಿ ನಮ್ಮ ಅಕ್ಕನ ಮನೆ. ಹೊಸದು, ಪಿಲ್ಲರ್ ಎಬ್ಬಿಸಿ ಕಟ್ಟಿದ್ದು, ಆದರೆ ಕೆಳಗಿರೋದು ಎರಿ ಮಣ್ಣು. ಬೇಸಿಗೆಯಲ್ಲಿ ಹೊಲ ಬಾಯಿಬಿಟ್ಟ ಹಾಗೆ ಮನೆಯ ಹೊರಗೋಡೆಯೂ ಬಾಯಿಬಿಡ್ತಿತ್ತು, ಮಳೆ ಬಿದ್ದರೆ ಮುಚ್ಕೊಳ್ತಿತ್ತು. ಮಾಮಾ ಪ್ರತಿ ದೀಪಾವಳಿಗೆ ವೈಟ್ ಸಿಮೆಂಟ್ ತುಂಬೋರು, ಹೋಳಿ ಹುಣ್ಣಿಮೆಗೆ ಮತ್ತೆ ಅದೇ ಗೆರೆ. ಅಲ್ಲೂ ಗಾಜು ಅಂಟಿಸಿದೆವು. ಮಾರ್ಚ್‌ನಲ್ಲಿ ಟಕ್ ಅಂತ ಒಡೀತು.

ಇಂಥ ಬಿರುಕಿಗೆ ಗಟ್ಟಿ ಮಾಲು ದಂಡ. ಅದರ ಜೊತೆ ಹಿಗ್ಗಿ ಕುಗ್ಗುವಂಥದ್ದು ಬೇಕು. ಪಿಯು ಅಂತ ಕೇಳಿ, ಪಾಲಿಯುರೆಥೇನ್. ಸಿಮೆಂಟಿಗೆ ಚೆನ್ನಾಗಿ ಹಿಡಿಯುತ್ತೆ, ಮೇಲೆ ಬಣ್ಣವೂ ಕೂರುತ್ತೆ. ಕೈಗೆ ಹತ್ತಿದರೆ ಮಾತ್ರ ವಾರ ಹೋಗೋದಿಲ್ಲ, ಕೈಗವಸು ಹಾಕ್ಕೊಳ್ಳಿ. ಕೂದಲೆಳೆಯಷ್ಟು ಸಣ್ಣ ಬಿರುಕಿನ ಮೇಲೆ ಹಾಗೇ ಒರೆಸಿದರೆ ಉಪಯೋಗವಿಲ್ಲ. ಬಿರುಕನ್ನೇ ಒಂದು ಸೆಂಟಿಮೀಟರಿನಷ್ಟು ಅಗಲ ಮಾಡಿ, ಧೂಳು ಪೂರ್ತಿ ತೆಗೆದು, ಒಳಗೆ ಫೋಮಿನ ಹುರಿ ತುರುಕಿ, ಅದರ ಮೇಲೆ ಅಗಲದ ಅರ್ಧದಷ್ಟೇ ದಪ್ಪಕ್ಕೆ ಪಿಯು ತುಂಬಬೇಕು. ಫೋಮು ಯಾಕೆ ಅಂದರೆ, ಮಾಲು ಎರಡು ಬದಿಗೆ ಮಾತ್ರ ಅಂಟಿರಬೇಕು. ತಳಕ್ಕೂ ಅಂಟಿದರೆ ಎಳೆದಾಗ ಹಿಗ್ಗೋಕಾಗದೆ ಹರೀತದೆ. ಈ ಅಳತೆಯಲ್ಲಿ 300 ಮಿಲೀ ಟ್ಯೂಬು ಸುಮಾರು ಆರು ಮೀಟರ್ ಬರುತ್ತೆ.

ಆದರೆ ಗನ್ನು ಹಿಡಿಯೋ ಮೊದಲು ಮನೆ ಸುತ್ತ ಒಂದು ಸುತ್ತು ಹಾಕಿದೆ (ಗೋಕಾಕದ ಪಾಠ). ಅಕ್ಕನ ಬಚ್ಚಲ ನೀರು ನೇರವಾಗಿ ಗೋಡೆ ಬುಡದ ಬಾಳೆಗಿಡಗಳಿಗೆ. ಒಂದು ಬದಿ ಎರಿ ಮಣ್ಣು ವರ್ಷವಿಡೀ ಉಬ್ಬಿರುತ್ತೆ, ಇನ್ನೊಂದು ಬದಿ ಒಣಗಿ ಕುಗ್ಗುತ್ತೆ. ಗೋಡೆ ಸೀಳದೆ ಏನು ಮಾಡೀತು? ಬಾಳೆಗಿಡ ತೆಗೀಬೇಕು ಅಂದಾಗ ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕೊನೆಗೆ ಪೈಪು ಹಾಕಿ ನೀರನ್ನು ದೂರ ಒಯ್ದೆವು, ಬಾಳೆಯೂ ಹಿತ್ತಿಲ ತುದಿಗೆ ಹೋಯಿತು. ಮರುವರ್ಷ ಬಿರುಕು ಆಡಿತು, ಆದರೆ ಮೊದಲಿನಷ್ಟು ಅಲ್ಲ. ಪಿಯು ತಡೆದುಕೊಂಡಿದೆ.

ಹುಕ್ಕೇರಿಯ ಸೋದರಮಾವನ ಕಥೆ ಚಿಕ್ಕದು. ಅವರಿಗೆ ಎಲ್ಲದಕ್ಕೂ ಎಂ-ಸೀಲ್. ಆ ಜಾಹೀರಾತು ನೆನಪಿದೆಯಾ, ಉಯಿಲಿನ ಮೇಲೆ ಒಂದು ಹನಿ ಬಿದ್ದು ಮೊದಲಿನ ಒಂದು ಅಳಿಸಿಹೋಗಿ ಬರೀ ಸೊನ್ನೆಗಳು ಉಳಿಯೋದು? ಮಾವ ಅದರ ಭಕ್ತರು. ಎರಡು ಮುದ್ದೆ ಕಲಸಿ ಹಚ್ಚುವ ಆ ಎಪಾಕ್ಸಿ ಸೋರುವ ಪೈಪಿಗೆ, ಟಾಕಿಗೆ ರಾಮಬಾಣವೇ. ದನದ ಕೊಟ್ಟಿಗೆಯ ಪತ್ರಾಸಿನ ಬೋಲ್ಟುಗಳ ಮೇಲೂ ಅದನ್ನೇ ಮೆತ್ತಿದ್ದರು. ತಗಡು ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ಕಲ್ಲಿನಂಥ ಮುದ್ದೆ ಎಷ್ಟು ದಿನ ಕೂತೀತು? ರಬ್ಬರ್ ವಾಶರ್ ಇರುವ ಸ್ಕ್ರೂ ಹಾಕಿ, ಸುತ್ತ ನ್ಯೂಟ್ರಲ್ ಸಿಲಿಕಾನ್ ಹಚ್ಚಿದೆವು. ಮನೆಯೊಳಗಿನ ಕಿಡಕಿ ಚೌಕಟ್ಟಿನ ಸಂದಿಗೆ ಅಗ್ಗದ ಅಕ್ರಿಲಿಕ್ ಸಾಕಾಯ್ತು. ನೀರಿನಲ್ಲಿ ಕೈ ತೊಳೆದರೆ ಹೋಗುತ್ತೆ, ಬಣ್ಣ ಹಿಡಿಯುತ್ತೆ, ಆದರೆ ನೀರು ನಿಲ್ಲುವ ಜಾಗಕ್ಕೆ ಬೇಡ.

ಒಂದು ಮಾತು ಮರೆತೆ. ಟ್ಯೂಬಿನ ಮೇಲಿನ ತಾರೀಖು ನೋಡಿ ತನ್ನಿ. ನಮ್ಮ ಬಿಸಿಲಿಗೆ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಸಿಲಿಕಾನ್ ಗಟ್ಟಿಯಾಗದೆ ಜಿಗುಟಾಗೇ ಉಳಿಯಬಹುದು. ಮೊದಲು ಒಂದು ಗಾಜಿನ ಚೂರಿನ ಮೇಲೆ ಚೂರೇ ಹಚ್ಚಿ ಒಂದು ದಿನ ಬಿಟ್ಟು ನೋಡಿ.

2024ರ ಜುಲೈನಲ್ಲಿ ಲೋಳಸೂರ ಸೇತುವೆ ಮತ್ತೆ ಮುಳುಗಿತು. ನಮ್ಮ ಮನೆಯೊಳಗೂ ಒಂದು ಗೇಣು ನೀರು. ಅಣ್ಣ ಬಂದು ಅವ್ವನನ್ನು ಕರೆದೊಯ್ದ. ನೀರು ಇಳಿದ ಮೂರನೇ ದಿನಕ್ಕೆ ಅವಳು ವಾಪಸ್! ಫೋನ್ ಮಾಡಿದಾಗ ಪಾತ್ರೆ ಪಡಗ ಏನಾದವು ಅಂತ ಕೇಳೋ ಮೊದಲೇ ಹೇಳಿದಳು: "ಬಾಗಲದ ಮ್ಯಾಲಿನ ಕಾಜ ಎರಡೂ ಹಂಗ ಅದಾವು ನೋಡು. ನಿಮ್ಮ ಅಣ್ಣಗ ಫೋಟೋ ಕಳಿಸೀನಿ." ಆ ವರ್ಷ ದೀಪಾವಳಿ ಹೊತ್ತಿಗೆ ಗೋಡೆ ತಾನಾಗೇ ಒಣಗಿತ್ತು.

ಮಾಳಿಗೆಯ ಮೂಲೆಯಲ್ಲಿ, ಹಳೇ ತೊಲೆ ಗೋಡೆಗೆ ಕೂಡುವಲ್ಲಿ, ಇನ್ನೂ ಒಂದು ಹನಿ ಬೀಳ್ತಾ ಇದೆ. ಕೆಳಗೆ ಅವ್ವ ತಂಬಿಗೆ ಇಟ್ಟಿದ್ದಾಳೆ. ಕಟ್ಟಿಗೆ ಮತ್ತು ಮಣ್ಣು ಕೂಡುವ ಜಾಗಕ್ಕೆ ನಿಮ್ಮ ಊರ ಕಡೆ ಏನು ಹಾಕ್ತಾರೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.