ಆಯಿಲ್ ಕ್ರೀಕ್ ಕಾಡಿನ ತೆರೆದ ಬಾವಿಗಳು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಟೈಟಸ್‌ವಿಲ್‌ಗೆ ಬಂದವರು ಮೊದಲು ನೋಡುವುದು ಡ್ರೇಕ್‌ನ ಬಾವಿಯನ್ನು. 1859ರ ಆಗಸ್ಟ್‌ನಲ್ಲಿ ಎಡ್ವಿನ್ ಡ್ರೇಕ್ ಇಲ್ಲಿ, ಆಯಿಲ್ ಕ್ರೀಕ್ ಹೊಳೆಯ ದಡದಲ್ಲಿ, ಬರೀ 69.5 ಅಡಿ ಕೊರೆದು ಎಣ್ಣೆ ಕಂಡ. ಮಣ್ಣು ಕುಸಿಯದಂತೆ ಬಂಡೆ ಸಿಗುವವರೆಗೂ ಕಬ್ಬಿಣದ ಪೈಪು ಇಳಿಸಿದ್ದೇ ಅವನ ಜಾಣ್ಮೆ. ನಮ್ಮ ಕೊಳವೆಬಾವಿಗೆ ಕೇಸಿಂಗ್ ಇಳಿಸುವ ಹಾಗೆಯೇ.

ಹತ್ತಿರದ ಪಿಟ್‌ಹೋಲ್ ನನ್ನನ್ನು ಇನ್ನೂ ಹೆಚ್ಚು ಕಾಡಿತು. 1865ರ ಜನವರಿಯಲ್ಲಿ ಇಲ್ಲಿ ಎಣ್ಣೆ ಚಿಮ್ಮಿತು. ವರ್ಷ ತುಂಬುವ ಮೊದಲೇ ಸುಮಾರು 15,000 ಜನರ ಪಟ್ಟಣ, 50ಕ್ಕೂ ಹೆಚ್ಚು ಹೋಟೆಲು! ಎಣ್ಣೆ ಬತ್ತಿತು, ಬೆಂಕಿ ಬಿತ್ತು. 1870ರ ಜನಗಣತಿಗೆ ಸಿಕ್ಕವರು ಮುನ್ನೂರಕ್ಕಿಂತ ಕಡಿಮೆ ಮಂದಿ. ಈಗಿರುವುದು ಹುಲ್ಲುಗಾವಲು. ಹಳೆಯ ಬೀದಿಗಳಿದ್ದ ಕಡೆ ಮಾತ್ರ ಹುಲ್ಲು ಕತ್ತರಿಸಿ ದಾರಿ ಮಾಡಿದ್ದಾರೆ.

ಊರು ಹೋಯಿತು, ಬಾವಿಗಳು ಹೋಗಲಿಲ್ಲ. ಕಾಡಿನೊಳಗೆ ಮೊಣಕಾಲೆತ್ತರದ, ತುಕ್ಕು ತಿಂದ ಪೈಪೊಂದನ್ನು ಬಗ್ಗಿ ನೋಡಿದೆ. ಒಳಗೆ ನಿಂತ ನೀರಿನಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಸೀಮೆಎಣ್ಣೆಯಂಥ ವಾಸನೆ. ಸುತ್ತ ಬಿದ್ದ ಎಲೆಗಳಿಗೆಲ್ಲ ಕಪ್ಪು ಜಿಡ್ಡು. ಗುಳ್ಳೆಯಲ್ಲಿರುವ ಮೀಥೇನ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದರೆ 20 ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಮನೆಯೊಳಗೆ ತುಂಬಿಕೊಂಡರೆ ಒಂದು ಕಿಡಿ ಸಾಕು. ಆಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಮೇರಿ ಕಾಂಗ್ ಮತ್ತು ಸಂಗಡಿಗರು ಇದೇ ರಾಜ್ಯದ ಪಾಳುಬಾವಿಗಳ ಮೇಲೆ ಡಬ್ಬಿ ಕವುಚಿ ಅನಿಲ ಅಳೆದು, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವೇ ಬಾವಿಗಳು ಸೋರಿಕೆಯ ದೊಡ್ಡ ಪಾಲಿಗೆ ಕಾರಣವಾಗಿದ್ದವು.

ಈ ಬಾವಿಗಳನ್ನು ಕೊರೆದ ಕಾಲದಲ್ಲಿ ಪರವಾನಗಿ ಇರಲಿಲ್ಲ, ನಕ್ಷೆ ಇರಲಿಲ್ಲ. ಬಾವಿ ಬತ್ತಿದರೆ ಮರದ ತುಂಡನ್ನೋ ಕಲ್ಲನ್ನೋ ತುರುಕಿ ಹೋಗುತ್ತಿದ್ದರು. ಮರ ಕೊಳೆಯಿತು. ಸರಿಯಾಗಿ ಮುಚ್ಚಬೇಕೆಂದರೆ ಒಳಗಿನ ಕಸವನ್ನೆಲ್ಲ ತೆಗೆದು, ತಳದಿಂದ ಸಿಮೆಂಟು ತುಂಬುತ್ತ ಬರಬೇಕು. ಇಲ್ಲದಿದ್ದರೆ ಎಣ್ಣೆ, ಉಪ್ಪುನೀರು ಕುಡಿಯುವ ಅಂತರ್ಜಲಕ್ಕೂ ಸೇರಬಹುದು. ಇಂಥ ವಾರಸುದಾರರಿಲ್ಲದ ಬಾವಿಗಳಿಗಾಗಿ ಅಮೆರಿಕ 2021ರ ಕಾನೂನಿನಲ್ಲಿ 470 ಕೋಟಿ ಡಾಲರ್ ತೆಗೆದಿರಿಸಿತು. ಲಾಭ ಮಾಡಿಕೊಂಡವರು ಯಾವತ್ತೋ ಹೋದರು, ಖರ್ಚು ತೆರಿಗೆ ಕಟ್ಟುವವರ ತಲೆಗೆ ಬಂತು. ಇದು ಅನ್ಯಾಯವೇ. ಆದರೂ ಮುಚ್ಚಲೇಬೇಕು.

ಮೊದಲು ಹುಡುಕಬೇಕಲ್ಲ! ಡ್ರೋನ್‌ಗೆ ಕಾಂತಮಾಪಕ ಕಟ್ಟಿ ಕಾಡಿನ ಮೇಲೆ ಹಾರಿಸುತ್ತಾರೆ. ನೆಲದೊಳಗಿನ ಕಬ್ಬಿಣ ಅದಕ್ಕೆ ತಿಳಿಯುತ್ತದೆ. ಆದರೆ ಎರಡನೇ ಮಹಾಯುದ್ಧದಲ್ಲಿ ಗುಜರಿ ಕಬ್ಬಿಣಕ್ಕಾಗಿ ಎಷ್ಟೋ ಬಾವಿಗಳ ಪೈಪುಗಳನ್ನೇ ಕಿತ್ತೊಯ್ದರು. ಅಂಥ ಬಾವಿಗಳು ಯಂತ್ರಕ್ಕೆ ಸಿಗುವುದಿಲ್ಲ. ಅವನ್ನು ಹೊಳೆಯಲ್ಲಿ ಏಳುವ ಗುಳ್ಳೆಯಿಂದಲೋ, ಗಿಡ ಬೆಳೆಯದ ನೆಲದಿಂದಲೋ ಕಣ್ಣಲ್ಲೇ ಗುರುತಿಸಬೇಕು.