ಅಡುಗೆಮನೆಯ ದನಿಗಳು



ಇತರರ ತಪ್ಪೊಪ್ಪಿಗೆಯನ್ನು ಆಲಿಸುವುದು ಗುರುವಾದವನ ನಿತ್ಯದ ಕರ್ತವ್ಯಗಳಲ್ಲೊಂದು. ಇಂದು ಸ್ಥಾನ ಬದಲಾಗಲಿ. ನಾನು ಹೇಳುತ್ತೇನೆ, ನೀವು ಆಲಿಸಿ.

2022ರ ತಪಸ್ಸುಕಾಲದ ಒಂದು ಭಾನುವಾರ. ದೇವಾಲಯ ತುಂಬಿತ್ತು. ನಾನು ಪ್ರಬೋಧನೆಯ ಮಧ್ಯದಲ್ಲಿದ್ದೆ. ಧ್ವನಿವರ್ಧಕ ಅಂದು ಬೆಳಗಿನಿಂದಲೂ ಆಗಾಗ್ಗೆ ಕೀರಲು ಶಬ್ದ ಮಾಡುತ್ತಿತ್ತು. ನಡುಸಾಲಿನ ಬೆಂಚಿನಲ್ಲಿ ಆರೇಳು ವರ್ಷದ ಬಾಲಕನೊಬ್ಬ ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದು, ಮುಂದಕ್ಕೂ ಹಿಂದಕ್ಕೂ ತೂಗುತ್ತಾ, "ರೈಟ್ ರೈಟ್! ರೈಟ್ ರೈಟ್!" ಎಂದು ಕೂಗತೊಡಗಿದ. ಕೆಲವು ಯುವಕರು ನಕ್ಕರು. ತಾಯಿ ಅವನ ಬಾಯಿಗೆ ಕೈ ಅಡ್ಡ ಹಿಡಿದರು. ಕೂಗು ಇನ್ನೂ ಹೆಚ್ಚಾಯಿತು. ನನ್ನ ಮಾತಿನ ಎಳೆ ತಪ್ಪಿತು. "ದಯವಿಟ್ಟು ಮಗುವನ್ನು ಹೊರಗೆ ಕರೆದುಕೊಂಡು ಹೋಗಿ, ಇತರರಿಗೆ ತೊಂದರೆಯಾಗುತ್ತಿದೆ" ಎಂದು ಮೈಕಿನಲ್ಲಿಯೇ ಹೇಳಿಬಿಟ್ಟೆ. ತಂದೆ ಮಗುವನ್ನು ಎತ್ತಿಕೊಂಡರು. ತಾಯಿ ತಲೆ ತಗ್ಗಿಸಿ ಹಿಂಬಾಲಿಸಿದರು. ನಾನು ಪ್ರಬೋಧನೆಯನ್ನು ಮುಂದುವರಿಸಿದೆ. ಅಂದಿನ ವಿಷಯ ಕರುಣೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಪಾಸ್ಕ ಹಬ್ಬಕ್ಕೂ ಬರಲಿಲ್ಲ. ನಾನದನ್ನು ಗಮನಿಸಲೂ ಇಲ್ಲ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಆಗಸ್ಟ್ ತಿಂಗಳಲ್ಲಿ ಕುಟುಂಬಗಳ ಭೇಟಿಗೆ ಹೊರಟಾಗ ಆ ಮನೆಯ ಸರದಿ ಬಂತು. ಬಾಗಿಲು ತೆರೆದ ಅಜ್ಜಿ ನನ್ನನ್ನು ಒಳಗೆ ಕೂರಿಸಿದರು. ಅಡುಗೆಮನೆಯಿಂದ ಇಬ್ಬರು ಇಂಗ್ಲಿಷಿನಲ್ಲಿ ಸಂಭಾಷಿಸುತ್ತಿರುವ ದನಿ ಕೇಳಿಸುತ್ತಿತ್ತು. ನೆಂಟರಿರಬಹುದೆಂದು ಇಣುಕಿದೆ. ಅಕ್ಕಿ ಡಬ್ಬಿಗೆ ಒರಗಿಸಿಟ್ಟ ಮೊಬೈಲು. ಅದರ ಮುಂದೆ ಹುರುಳಿಕಾಯಿ ಹೆಚ್ಚುತ್ತಿರುವ ತಾಯಿ. ಬಾಲಕ ನೆಲದ ಮೇಲೆ ಸ್ಟೀಲಿನ ಚಮಚವೊಂದನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದ.

"ವಾರ್ತೆಯೇನಮ್ಮ?" ಎಂದೆ.

"ಅಲ್ಲ ಗುರುಗಳೇ, ಪಾಡ್‌ಕಾಸ್ಟ್. ಆಟಿಸಂ ಇರುವ ಮಕ್ಕಳ ಬಗ್ಗೆ ಮಾತಾಡುತ್ತಾರೆ. ಇವರಿಗೆ ನಾನು ಏನನ್ನೂ ವಿವರಿಸಬೇಕಾಗಿಲ್ಲ. ಅವರಿಗೆ ಆಗಲೇ ಗೊತ್ತು" ಎಂದರು.

ಪಾಡ್‌ಕಾಸ್ಟ್ ಎಂದರೇನೆಂದು ನಿಮ್ಮಲ್ಲಿ ಕಿರಿಯರಿಗೆ ಹೇಳಬೇಕಿಲ್ಲ. ನನ್ನ ವಯಸ್ಸಿನವರಿಗಾಗಿ ಎರಡು ಮಾತು. ನಾವು ಆಕಾಶವಾಣಿಯ ಕಾರ್ಯಕ್ರಮಕ್ಕಾಗಿ ಗಡಿಯಾರ ನೋಡಿಕೊಂಡು ಕಾದು ಕುಳಿತವರು. ಇಲ್ಲಿ ಕಾರ್ಯಕ್ರಮವೇ ನಮಗಾಗಿ ಕಾದಿರುತ್ತದೆ. ಮೊಬೈಲಿನಲ್ಲಿ ಬೇಕಾದಾಗ ಕೇಳಬಹುದು, ನಿಲ್ಲಿಸಬಹುದು, ಮಧ್ಯರಾತ್ರಿ ಮುಂದುವರಿಸಬಹುದು. 2004ರಲ್ಲಿ ಹುಟ್ಟಿದ ಹೆಸರಿದು; ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಎಂಬ ಎರಡು ಪದಗಳ ಕೂಡಿಕೆ. ಅದು ಕಣ್ಣನ್ನಾಗಲಿ ಕೈಯನ್ನಾಗಲಿ ಬೇಡುವುದಿಲ್ಲ, ಕಿವಿಯೊಂದೇ ಸಾಕು. ಇಂಥ ಮಗುವಿನ ತಾಯಿಗೆ ಬಿಡುವಿರುವ ಅಂಗವೂ ಅದೊಂದೇ. ಮಗುವನ್ನು ಬಿಟ್ಟು ಸಭೆ ಸಮಾರಂಭಗಳಿಗೆ ಹೋಗಲಾರರು. ಕರೆದುಕೊಂಡು ಹೋದರೆ ನನ್ನಂಥವರು ಹೊರಗೆ ಕಳುಹಿಸುತ್ತೇವೆ.

ಅವರು ಹೆಚ್ಚಾಗಿ ಕೇಳುತ್ತಿದ್ದುದು 'ಯೂನೀಕ್ಲಿ ಹ್ಯೂಮನ್' ಎಂಬ ಅಮೆರಿಕದ ಪಾಡ್‌ಕಾಸ್ಟ್. ಮಾತು ಮತ್ತು ಭಾಷೆಯ ತಜ್ಞರಾದ ಬ್ಯಾರಿ ಪ್ರಿಜಾಂಟ್ ಹಾಗೂ ಸ್ವತಃ ಆಟಿಸಂ ಉಳ್ಳ ಲೇಖಕ ಡೇವ್ ಫಿಂಚ್ 2020ರಲ್ಲಿ ಅದನ್ನು ಆರಂಭಿಸಿದರು. ಆಟಿಸಂ ಇರುವ ಅನೇಕ ಮಕ್ಕಳು ಎಲ್ಲಿಯೋ ಕೇಳಿದ ಮಾತನ್ನು ಹಾಗೆಯೇ ಮರುನುಡಿಯುತ್ತಾರೆ. ಅದು ಅರ್ಥಹೀನ ಗಿಳಿಪಾಠವೆಂದೂ, ಅದನ್ನು ಬಿಡಿಸಬೇಕೆಂದೂ ಬಹುಕಾಲ ನಂಬಲಾಗಿತ್ತು. ಆ ಮರುನುಡಿಗೂ ಉದ್ದೇಶವಿರುತ್ತದೆ, ಮಗು ಅದರ ಮೂಲಕ ಬೇಡುತ್ತದೆ, ನಿರಾಕರಿಸುತ್ತದೆ, ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುತ್ತದೆ ಎಂದು 1980ರ ದಶಕದ ಆರಂಭದಲ್ಲೇ ಅಧ್ಯಯನದಿಂದ ತೋರಿಸಿದವರಲ್ಲಿ ಪ್ರಿಜಾಂಟ್ ಒಬ್ಬರು.

ಇದನ್ನು ಕೇಳಿದ ತಾಯಿ ಹಳೆಯ ಡೈರಿಯೊಂದರಲ್ಲಿ ಮಗನ ಮಾತುಗಳನ್ನು ಬರೆದಿಡತೊಡಗಿದರು: ಯಾವ ಮಾತು, ಯಾವಾಗ, ಅದಕ್ಕೆ ಮುನ್ನ ಏನಾಯಿತು. ಎರಡು ವಾರಗಳಲ್ಲಿ ಒಂದು ಮಾತಿನ ಗುಟ್ಟು ಬಿಚ್ಚಿಕೊಂಡಿತು. ತಂದೆಯೊಡನೆ ಸಿಟಿ ಬಸ್ಸಿನಲ್ಲಿ ತಿರುಗುವುದು ಬಾಲಕನಿಗೆ ಅಚ್ಚುಮೆಚ್ಚು. ಕಂಡಕ್ಟರ್ "ರೈಟ್ ರೈಟ್" ಎಂದೊಡನೆ ಬಸ್ಸು ಹೊರಡುತ್ತದೆ. ಆದುದರಿಂದ ಅವನ ಭಾಷೆಯಲ್ಲಿ "ರೈಟ್ ರೈಟ್" ಎಂದರೆ, "ಇಲ್ಲಿಂದ ಹೋಗೋಣ."

ಓದುಗರೇ, ಆ ಕ್ಷಣದಲ್ಲಿ ನನಗಾದುದನ್ನು ನೀವು ಊಹಿಸಬಲ್ಲಿರಿ. ಅಂದು ಅವನು ನನ್ನನ್ನು ಅಣಕಿಸುತ್ತಿದ್ದಾನೆಂದು ನಾನು ತಿಳಿದಿದ್ದೆ. ಧ್ವನಿವರ್ಧಕದ ಕೀರಲಿನಿಂದ ಅವನ ಕಿವಿ ನೋಯುತ್ತಿತ್ತು. ತನಗೆ ಗೊತ್ತಿದ್ದ ಏಕೈಕ ಮಾತಿನಲ್ಲಿ ಅವನು ತನ್ನ ತಾಯಿಯನ್ನು ಬೇಡುತ್ತಿದ್ದ. ಗುರುಮಠದಲ್ಲಿ ನಮಗೆ ಪ್ರಬೋಧಿಸುವ ಕಲೆಯನ್ನು ಕಲಿಸಿದ್ದರು. ದನಿಯ ಏರಿಳಿತ, ನಿಲುಗಡೆ, ದೃಷ್ಟಾಂತ, ಎಲ್ಲದಕ್ಕೂ ಅಭ್ಯಾಸವಿತ್ತು. ಆಲಿಸುವುದಕ್ಕೆ ಪ್ರತ್ಯೇಕ ತರಗತಿಯಿರಲಿಲ್ಲ. ಇದ್ದಿದ್ದರೂ ನಾನು ಮನಸ್ಸಿಟ್ಟು ಕಲಿಯುತ್ತಿದ್ದೆನೋ ಇಲ್ಲವೋ!

ನಾನು ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಅಡುಗೆಮನೆಯಲ್ಲಿ ಕ್ಷಮೆ ಕೇಳಿದಿರಿ, ಸಂತೋಷ. ಆದರೆ ಹೊರಗೆ ಹೋಗಿ ಎಂದದ್ದು ಮೈಕಿನಲ್ಲಿ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು. ಲೆಕ್ಕ ಸರಿಯಾಗಿಯೇ ಇತ್ತು.

ಅಂದಿನಿಂದ ನಾನೂ ಕೇಳತೊಡಗಿದೆ. ದೂರದ ಕಿರುದೇವಾಲಯಗಳಿಗೆ ಹೋಗಿಬರುವ ಹಾದಿಯಲ್ಲಿ ಅದಕ್ಕೆ ಸಮಯ ಸಿಗುತ್ತದೆ. 2018ರಲ್ಲಿ ಬಿಬಿಸಿ '1800 ಸೆಕೆಂಡ್ಸ್ ಆನ್ ಆಟಿಸಂ' ಎಂಬ ಪಾಡ್‌ಕಾಸ್ಟನ್ನು ಆರಂಭಿಸಿತ್ತು. 1800 ಸೆಕೆಂಡೆಂದರೆ ಅರ್ಧ ಗಂಟೆ. ಅದನ್ನು ನಡೆಸಿಕೊಟ್ಟ ರಾಬಿನ್ ಸ್ಟೀವರ್ಡ್ ಮತ್ತು ಜೇಮೀ ನೈಟ್ ಇಬ್ಬರೂ ಆಟಿಸಂ ಉಳ್ಳವರು. ಜೇಮೀ ಅವರು ಹೋದೆಡೆಗೆಲ್ಲ ನಾಲ್ಕಡಿ ಉದ್ದದ ಬಟ್ಟೆಯ ಸಿಂಹವೊಂದನ್ನು ಕೊಂಡೊಯ್ಯುತ್ತಾರೆ. ತಜ್ಞರು ಹೊರಗಿನಿಂದ ಕಂಡು ಹೇಳುವುದನ್ನು ಇವರು ಒಳಗಿನಿಂದ ಹೇಳುತ್ತಾರೆ, ಅದೂ ನಗುನಗುತ್ತಾ. ಆ ಸಿಂಹದ ವಿಷಯ ತಿಳಿದ ಮೇಲೆ ತಾಯಿ ಮಗನ ಕೈಯಿಂದ ಚಮಚವನ್ನು ಕಿತ್ತುಕೊಳ್ಳುವುದನ್ನು ಬಿಟ್ಟರಂತೆ. ಅದರಿಂದ ಯಾರಿಗೂ ಹಾನಿಯಿಲ್ಲ. ಅವನಿಗೆ ಅದು ಊರುಗೋಲು.

ಇಂಥ ದನಿಗಳು ಏಕೆ ಬೇಕು ಎಂಬುದು ಆಟಿಸಂನ ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ. ಲಿಯೊ ಕ್ಯಾನರ್ ಎಂಬ ವೈದ್ಯರು ಅಮೆರಿಕದ ಬಾಲ್ಟಿಮೋರ್‌ನಲ್ಲಿ 11 ಮಕ್ಕಳನ್ನು ಪರೀಕ್ಷಿಸಿ 1943ರಲ್ಲಿ ಈ ಸ್ಥಿತಿಯನ್ನು ವಿವರಿಸಿದರು. ಆ ಮಕ್ಕಳ ಹೆತ್ತವರಲ್ಲಿ ಅಕ್ಕರೆಯ ಬಿಸುಪು ಕಡಿಮೆಯೆಂದೂ ಅವರು ಬರೆದರು. ಆ ಕಿಡಿ ಕಾಳ್ಗಿಚ್ಚಾಯಿತು. ತಾಯಿಯ ಮನಸ್ಸಿನ ಶೈತ್ಯದಿಂದಲೇ ಮಗು ಹೀಗಾಗುತ್ತದೆ ಎಂಬ ವಾದವನ್ನು ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದರು. ಎಷ್ಟು ತಾಯಂದಿರು ಮಗುವಿನ ಕಷ್ಟದ ಜೊತೆಗೆ ಈ ಕಳಂಕವನ್ನೂ ಹೊತ್ತರೋ! ಅದನ್ನು ಎದುರಿಸಿದವರಲ್ಲಿ ಪ್ರಮುಖರು ಬರ್ನಾರ್ಡ್ ರಿಮ್‌ಲ್ಯಾಂಡ್. ಮನೋವಿಜ್ಞಾನಿ, ಆಟಿಸಂ ಉಳ್ಳ ಮಗನ ತಂದೆ. ಇದರ ಮೂಲ ದೇಹರಚನೆಯಲ್ಲಿದೆ, ತಾಯಿಯ ಪ್ರೀತಿಯ ಕೊರತೆಯಲ್ಲಿ ಅಲ್ಲವೆಂದು ಅವರು 1964ರಲ್ಲಿ ವಾದಿಸಿದರು; ಮರುವರ್ಷ ಇತರ ಹೆತ್ತವರೊಡನೆ ಸೇರಿ ಸಂಘ ಕಟ್ಟಿದರು. 1969ರಲ್ಲಿ ಅದೇ ಸಂಘದ ಸಭೆಯಲ್ಲಿ ವೃದ್ಧ ಕ್ಯಾನರ್ ಎದ್ದುನಿಂತು, ಹೆತ್ತವರು ನಿರ್ದೋಷಿಗಳೆಂದು ಬಹಿರಂಗವಾಗಿ ಸಾರಿದರು. ಅವರಿಗೂ ಮೈಕಿನ ಮುಂದೆಯೇ ಹೇಳಬೇಕಾಯಿತು.

ನಮ್ಮಲ್ಲಿ ಆ ಆರೋಪ ಬೇರೆ ವೇಷ ತೊಟ್ಟಿದೆ. ತಾಯಿ ಕೆಲಸಕ್ಕೆ ಹೋಗಿದ್ದರಿಂದ ಹೀಗಾಯಿತು, ಮೊಬೈಲು ಕೊಟ್ಟಿದ್ದರಿಂದ ಹೀಗಾಯಿತು, ಹಿರಿಯರ ಯಾವುದೋ ಪಾಪ ಕಾಡುತ್ತಿದೆ... ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪವೆಂದು ಶಿಷ್ಯರು ವಿಚಾರಿಸಿದಾಗ ಪ್ರಭು ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ನಾವು ಮಾತ್ರ ಅದನ್ನು ಕೈಬಿಡಲೊಲ್ಲೆವು.

ಹಾಗೆಂದು ಮೊಬೈಲಿನಲ್ಲಿ ನುಡಿದುದೆಲ್ಲ ಸತ್ಯವಲ್ಲ ಎಂಬ ಎಚ್ಚರಿಕೆಯೂ ಅಗತ್ಯ. ಲಸಿಕೆಗೂ ಆಟಿಸಂಗೂ ಸಂಬಂಧ ಕಲ್ಪಿಸಿದ 1998ರ ಒಂದು ಲೇಖನ 12 ಮಕ್ಕಳನ್ನಷ್ಟೇ ಆಧರಿಸಿತ್ತು. 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆದರೆ ಆ ಭೀತಿ ಇಂದಿಗೂ ಬಾಯಿಂದ ಬಾಯಿಗೆ ಹಬ್ಬುತ್ತಿದೆ. ಆಟಿಸಂ ಅನ್ನು ಪೂರ್ಣ ವಾಸಿಮಾಡುವುದಾಗಿ ಔಷಧವನ್ನೋ ಪಥ್ಯವನ್ನೋ ಮಾರುವ ದನಿ ಕೇಳಿಬಂದರೆ, ಅದನ್ನು ನಿಲ್ಲಿಸಿಬಿಡಿ. ಮತ್ತೊಂದು ವಿಷಯ: ಅಮೆರಿಕದ ಶಾಲಾ ಕಾನೂನು, ಅಲ್ಲಿಯ ವಿಮೆಯ ಮಾತು ನಮಗೆ ಒದಗುವುದಿಲ್ಲ. ನಮಗೆ ಬೇಕಾದುದು ನಮ್ಮಲ್ಲೇ ಇದೆ. ಮಗು ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರಿಸಿ ಕೇಳದಿದ್ದರೆ, ಆಡುತ್ತಿದ್ದ ಮಾತು ನಿಂತುಹೋದರೆ, ತಡಮಾಡದೆ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇಂಥ ಮಕ್ಕಳ ತಪಾಸಣೆಯಲ್ಲಿ ಅನುಭವವುಳ್ಳವು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ ಅನ್ನು ಹೆಸರಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಅಂಗವೈಕಲ್ಯಗಳಲ್ಲಿ ಅದೂ ಒಂದು. ನ್ಯಾಸದ 'ನಿರಾಮಯ' ಯೋಜನೆಯಡಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯುಂಟು.

ಇನ್ನು ಅಜ್ಜಿಯ ಮಾತು. ಮೊಮ್ಮಗನೊಡನೆ ದಿನದ ಬಹುಭಾಗ ಇರುವವರು ಅವರೇ, ಆದರೆ ಅವರಿಗೆ ಇಂಗ್ಲಿಷ್ ಬಾರದು. ಆದ್ದರಿಂದ ತಾಯಿ ತಾವು ಕೇಳಿದುದನ್ನು ರಾತ್ರಿ ಪಾತ್ರೆ ತೊಳೆಯುತ್ತಾ ಕನ್ನಡದಲ್ಲಿ ಹೇಳತೊಡಗಿದರು. ಒಮ್ಮೆ ಹಾಗೆ ಹೇಳುವಾಗ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಪರಿಚಯದ ಇನ್ನೊಬ್ಬ ತಾಯಿಗೆ ಕಳುಹಿಸಿದರು. ಈಗ ನಾಲ್ಕು ಮನೆಗಳಿಗೆ ಅದು ತಲುಪುತ್ತದೆ. ಹತ್ತು ನಿಮಿಷದ ಮಾತು. ಹಿನ್ನೆಲೆಯಲ್ಲಿ ನಲ್ಲಿಯ ಸದ್ದು, ನಡುನಡುವೆ ಅಜ್ಜಿಯ ಪ್ರಶ್ನೆ. ಅದಕ್ಕೊಂದು ಹೆಸರಿಲ್ಲ. ಆಟಿಸಂಗೆ ಕನ್ನಡದಲ್ಲಿ 'ಸ್ವಲೀನತೆ' ಎನ್ನುತ್ತಾರೆಂದು ನಾನು ತಿಳಿಸಿದಾಗ ತಾಯಿ ಒಪ್ಪಲಿಲ್ಲ. "ಅವನು ತನ್ನಲ್ಲಿ ತಾನು ಲೀನವಾಗಿಲ್ಲ ಗುರುಗಳೇ. ನಮಗೆ ಕೇಳಿಸದ ಟ್ಯೂಬ್‌ಲೈಟಿನ ಸದ್ದೂ ಅವನಿಗೆ ಕೇಳಿಸುತ್ತದೆ. ಎಲ್ಲವೂ ಒಮ್ಮೆಲೇ ಒಳಗೆ ಬರುತ್ತದೆ, ಅದೇ ಅವನ ಕಷ್ಟ" ಎಂದರು.

ಸೆಪ್ಟೆಂಬರಿನ ಮೊದಲ ಭಾನುವಾರ ನಾನು ಮೈಕಿನಲ್ಲಿ ಕ್ಷಮೆ ಕೇಳಿದೆ. ಅವರ ಹೆಸರು ಹೇಳಲಿಲ್ಲ. ನನ್ನ ತಪ್ಪನ್ನಷ್ಟೇ ಹೇಳಿದೆ. ಮೂರು ವಾರಗಳ ನಂತರ ಅವರು ಬಂದರು. ಧ್ವನಿವರ್ಧಕವನ್ನು ದುರಸ್ತಿ ಮಾಡಿಸಿದ್ದೆವು. ಪಕ್ಕದ ಬಾಗಿಲಿನ ಬಳಿಯ ಬೆಂಚನ್ನು ಅವರಿಗಾಗಿ ಬಿಟ್ಟಿದ್ದೆವು. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಬೇಸರಿಸುವವರು ಇಂದಿಗೂ ಇದ್ದಾರೆ. ಕೆಲವು ವಾರ ಬಾಲಕನಿಗೆ ಬರಲಾಗುವುದೇ ಇಲ್ಲ. ಬಂದ ದಿನ ಸಾಮಾನ್ಯವಾಗಿ ನನ್ನ ಪ್ರಬೋಧನೆಯ ನಡುವೆ "ರೈಟ್ ರೈಟ್" ಎನ್ನುತ್ತಾನೆ. ಅವನ ತಂದೆ ಎದ್ದು ಅವನ ಕೈಹಿಡಿದು ಹೊರಗಿನ ಮರದ ನೆರಳಿಗೆ ಹೋಗುತ್ತಾರೆ, ಪರಮಪ್ರಸಾದದ ಹೊತ್ತಿಗೆ ಮರಳುತ್ತಾರೆ. ಕೆಲವೊಮ್ಮೆ ನಾನೂ ಪ್ರಬೋಧನೆಯನ್ನು ಅಲ್ಲಿಗೇ ಮೊಟಕುಗೊಳಿಸುತ್ತೇನೆ. ಯಾರೂ ದೂರಿಲ್ಲ.

ನಿಮ್ಮ ಧರ್ಮಕೇಂದ್ರದಲ್ಲಿಯೂ ಪೂಜೆಗೆ ಬರುವುದನ್ನು ನಿಲ್ಲಿಸಿದ ಇಂಥದೊಂದು ಕುಟುಂಬ ಇರಬಹುದು. ಅವರ ಮನೆಗೆ ಒಮ್ಮೆ ಹೋಗಿಬನ್ನಿ. ಸಲಹೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಆ ತಾಯಿಗೆ ಒಂದು ಗಂಟೆ ಮಲಗಲು ಬಿಟ್ಟು, ನೀವು ಮಗುವಿನ ಬಳಿ ಕುಳಿತುಕೊಳ್ಳಿ. ಅದು ಏನನ್ನಾದರೂ ಮತ್ತೆ ಮತ್ತೆ ಹೇಳುತ್ತಿದ್ದರೆ, ಸುಮ್ಮನಾಗಿಸುವ ಮುನ್ನ ಒಮ್ಮೆ ಕೇಳಿಸಿಕೊಳ್ಳಿ.