ಪೇಟಿ, ಮೊಬೈಲು ಮತ್ತು ಆರನೇ ತರಗತಿಯ ಹುಡುಗಿ

ಪಾಠ, ಪರೀಕ್ಷೆ, ಪುಸ್ತಕ ಎಂದು ಸದಾ ಅದನ್ನೇ ಬರೆಯುವ ನಾವು ಈ ಸಲ ಪೇಟಿಯ ಕಥೆ ಹೇಳುತ್ತೇವೆ. ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಗಡಿ ಕಡೆ ಭಜನೆಗೂ ಅದೇ, ನಾಟಕಕ್ಕೂ ಅದೇ, ಶಾಲೆಯ ಪ್ರಾರ್ಥನೆಗೂ ಅದೇ. ಕಥೆಯಲ್ಲಿ ತಪ್ಪು ಮಾಡಿದವರು ನಾವೇ. ಆದ್ದರಿಂದ ಸ್ವಲ್ಪ ನಾಚಿಕೆಯಿಂದಲೇ ಬರೆಯುತ್ತಿದ್ದೇವೆ.

ತಾಂಡೂರು ಸೀಮೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದು ಹಳೆಯ ಪೇಟಿ ಇದೆ. ಕಳೆದ ಅಕ್ಟೋಬರಿನಲ್ಲಿ ರಾಜ್ಯೋತ್ಸವದ ಹಾಡು ಕಲಿಸಲು ಹೊರತೆಗೆದರೆ ಅರ್ಧ ಸ್ವರ ಕೆಟ್ಟು ಕೂತಿದ್ದವು. ರಿಪೇರಿಗೆ ಯಾರನ್ನು ಹುಡುಕುವುದು? ಅಷ್ಟರಲ್ಲಿ ನಮ್ಮಲ್ಲೊಬ್ಬರಿಗೆ ಹೊಳೆಯಿತು, ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಸಿಗುತ್ತದಲ್ಲ! ಸ್ವರ ನುಡಿಸಿದರೆ ಮುಳ್ಳು ಓಡಾಡುತ್ತದೆ, ನಡುವೆ ನಿಂತರೆ ಹಸಿರು. ಇಷ್ಟೇ ತಾನೆ ಅಂದುಕೊಂಡೆವು. ವಿಜ್ಞಾನದ ಮಾಸ್ತರರು ಪೇಟಿಯ ಮುಚ್ಚಳ ಬಿಚ್ಚಿದರು. ಸಣ್ಣ ಅರ ತಂದು ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಉಜ್ಜಿದೆವು. ಎರಡು ಸಂಜೆ ಕೆಲಸ. ಎಲ್ಲಾ ಸ್ವರವೂ ಹಸಿರು. ಒಂದು ರೀಡು ಮಾತ್ರ ಉಜ್ಜಿ ಉಜ್ಜಿ ಬುಡದಲ್ಲಿ ಸೀಳಿತು. ಹೋಗಲಿ, ಒಂದೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆವು.

ಮರುದಿನ ಮಕ್ಕಳನ್ನು ಕೂರಿಸಿಕೊಂಡು ನುಡಿಸಿದೆವು. ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಸಾ ನಡಗ್ಲಾಕತ್ತದ್ರಿ" ಅಂದಳು. ನಮಗೇನೂ ಕೇಳಲಿಲ್ಲ. ಮೊಬೈಲು ಹಿಡಿದು ತೋರಿಸಿದೆವು. "ಇಲ್ಲಿ ನೋಡು, ಹಸಿರು ಅದ. ಮಷೀನಿಗಿಂತ ನಿನಗ ಹೆಚ್ಚು ಗೊತ್ತೇನು? ಕೂಡು." ಮಕ್ಕಳೆಲ್ಲ ನಕ್ಕರು. ಅವಳು ಕೂತಳು. ಆಮೇಲೆ ಹಾಡಲೇ ಇಲ್ಲ.

ಸೀಳಿದ ರೀಡಿಗಾದರೂ ಯಾರಾದರೂ ಬೇಕಿತ್ತು. ಧಾರೂರಿನಲ್ಲಿ ಹಿರಿಯರೊಬ್ಬರು ಪೇಟಿ ಕೆಲಸ ಮಾಡುತ್ತಾರೆ ಎಂದು ಗೊತ್ತಾಯಿತು. ಭಾನುವಾರ ಪೇಟಿಯನ್ನು ಬಟ್ಟೆಯಲ್ಲಿ ಸುತ್ತಿ ತಾಂಡೂರಿನಲ್ಲಿ ರೈಲು ಹತ್ತಿ ಧಾರೂರಿನಲ್ಲಿ ಇಳಿದೆವು. ಅಲ್ಲಿ ನವೆಂಬರಿನಲ್ಲಿ ಮೆಥೋಡಿಸ್ಟ್ ಕ್ರೈಸ್ತರ ದೊಡ್ಡ ಜಾತ್ರೆ. ಹಾಡುವ ತಂಡಗಳ ಪೇಟಿಗಳು ಆಗಲೇ ಅವರ ಮನೆಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಪಕ್ಕದಲ್ಲೇ ಭಜನಾ ಮಂಡಳಿಯದೊಂದು.

ಅವರು ನಮ್ಮ ಪೇಟಿ ಬಿಚ್ಚಿ ಒಳಗೆ ನೋಡಿ ನಕ್ಕರು. "ಧೂಳಾ ತೆಗಿಲಾರ್ದೇ ಅರ ಹಿಡಿದೀರಲ್ರಿ ಮಾಸ್ತರೇ!" ತಾಂಡೂರು ಕಡೆಯ ಕಲ್ಲಿನ ಧೂಳು ನಿಮಗೆ ಗೊತ್ತೇ ಇದೆ. ರೀಡಿನ ತುದಿಯಲ್ಲಿ ಧೂಳು ಕೂತರೆ ಅದರ ಭಾರ ಹೆಚ್ಚಿ ಸ್ವರ ಇಳಿಯುತ್ತದೆ. ಕುಂಚದಲ್ಲಿ ಝಾಡಿಸಿದ್ದರೆ ಎಷ್ಟೋ ಸ್ವರ ತಾವಾಗಿಯೇ ಏರುತ್ತಿದ್ದವು. ನಾವು ಧೂಳಿನ ಸಮೇತ ಉಜ್ಜಿ ಸರಿ ಮಾಡಿದ್ದೆವು. ಈಗ ಧೂಳು ತೆಗೆದರೆ ಸ್ವರ ಮೇಲೆ! ಮೊಬೈಲು ಎಷ್ಟು ಇಳಿದಿದೆ ಎಂದು ಹೇಳಿತ್ತು, ಯಾಕೆ ಇಳಿದಿದೆ ಎಂದು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ರೀಡಿನ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಅಷ್ಟು ನಮಗೂ ಗೊತ್ತಿತ್ತು. ತಿದಿ ಜೋರಾಗಿ ಒತ್ತಿದರೆ ಸ್ವರ ತುಸು ಇಳಿಯುತ್ತದೆ, ಮುಚ್ಚಳ ಹಾಕಿದಾಗ ಒಂದು ರೀತಿ, ತೆಗೆದಾಗ ಇನ್ನೊಂದು ರೀತಿ ಎಂಬುದು ಗೊತ್ತಿರಲಿಲ್ಲ.

ಆಮೇಲೆ ಅವರು ಸಾ ಒತ್ತಿ ಕಣ್ಣು ಮುಚ್ಚಿದರು. "ನಡಗತದ" ಅಂದರು. ನಮ್ಮ ಎದೆ ಧಸಕ್ಕೆಂದಿತು. ಅದೇ ಮಾತು!

"ಒಂದೊಂದೇ ರೀಡು ಮೊಬೈಲಿಗಿ ತೋರ್ಸೀರಿ. ಎರಡೂ ಕೂಡಿಸಿ ಕಿವಿಗಿ ಕೇಳ್ಸೀರೇನು?"

ವಿಷಯ ಹೀಗಿದೆ. ನಮ್ಮ ಪೇಟಿಯಲ್ಲಿ ಪ್ರತಿ ಕೀಲಿಗೂ ಎರಡು ರೀಡು. ಒಂದು ಮಂದ್ರದ್ದು, ಇನ್ನೊಂದು ಅದರ ಮೇಲಿನ ಸಪ್ತಕದ್ದು. ಪಕ್ಕಪಕ್ಕದ ಎರಡು ಕೀಲಿಗಳ ನಡುವಿನ ಅಂತರವನ್ನು ಆ್ಯಪು 100 ಸೆಂಟ್ ಎಂದು ಎಣಿಸುತ್ತದೆ. ಎರಡು ಸೆಂಟ್ ಆಚೀಚೆ ಇದ್ದರೂ ನಮ್ಮ ಆ್ಯಪು ಹಸಿರು ತೋರಿಸುತ್ತಿತ್ತು. ಮೇಲಿನ ರೀಡು ಸೆಕೆಂಡಿಗೆ 440 ಸಲ, ಕೆಳಗಿನದು 220 ಸಲ ಕಂಪಿಸಬೇಕು ಎನ್ನಿ. ಕೆಳಗಿನದರ ನಾದದಲ್ಲೇ ಅದರ ಇಮ್ಮಡಿ ಕಂಪನವೂ, ಅಂದರೆ 440 ಕೂಡ ಅಡಗಿರುತ್ತದೆ. ಮೇಲಿನದು ಎರಡು ಸೆಂಟ್ ಏರಿ, ಕೆಳಗಿನದು ಎರಡು ಸೆಂಟ್ ಇಳಿದರೆ ಒಟ್ಟು ನಾಲ್ಕು ಸೆಂಟ್ ಅಂತರ. 440ರ ಹತ್ತಿರ ಅದು ಸೆಕೆಂಡಿಗೆ ಸುಮಾರು ಒಂದು ಕಂಪನ. ಹಾಗಾಗಿ ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳಿಯುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ವಿಸ್ಪಂದನ ಎನ್ನುತ್ತಾರೆ. ವಿಜ್ಞಾನದ ಮಾಸ್ತರರು ಕಲಿತ ಪಾಠವೇ! ಮೊಬೈಲಿಗೆ ಎರಡೂ ಹಸಿರು. ಹುಡುಗಿಗೆ ನಡುಕ. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಪಿಯಾನೊ ಶ್ರುತಿ ಮಾಡುವವರಲ್ಲೂ ಇದೇ ವಾದ ಇದೆ, ಯಂತ್ರವೋ ಕಿವಿಯೋ ಎಂದು. ಪಿಯಾನೊದಲ್ಲಿ 88 ಕೀಲಿ, ಸುಮಾರು 230 ತಂತಿ. ಮೇಲಿನ ಸ್ವರಗಳಿಗೆ ಮೂರು ಮೂರು ತಂತಿ, ಮೂರೂ ನಡುಗದೆ ಒಂದಾಗಬೇಕು. ಅಲ್ಲದೆ ಉಕ್ಕಿನ ತಂತಿ ಗಡುಸು, ಅದರ ಇಮ್ಮಡಿ ಕಂಪನ ಲೆಕ್ಕಕ್ಕಿಂತ ತುಸು ಮೇಲಿರುತ್ತದೆ. ಹಾಗಾಗಿ ಒಳ್ಳೆಯ ಶ್ರುತಿಗಾರರು ಮೇಲಿನ ಸ್ವರಗಳನ್ನು ತುಸು ಏರಿಸಿ, ಕೆಳಗಿನವನ್ನು ತುಸು ಇಳಿಸಿ ಇಡುತ್ತಾರೆ. ಕಿವಿ ಹಾಗೆ ಮಾಡಿಸುತ್ತಿತ್ತು, ಅಮೆರಿಕದ ರೇಲ್ಸ್‌ಬ್ಯಾಕ್ ಎಂಬವರು 1938ರಲ್ಲಿ ಅದನ್ನು ಅಳೆದು ತೋರಿಸಿದರು. ಇಂದಿನ ಒಳ್ಳೆಯ ಯಂತ್ರಗಳು ಆ ಲೆಕ್ಕವನ್ನೂ ಹಾಕುತ್ತವೆ. ಅಂದರೆ ಯಂತ್ರಕ್ಕೆ ಪಾಠ ಹೇಳಿದ್ದು ಕಿವಿಯೇ. ಪ್ಯಾರಿಸಿನಲ್ಲಿ ಪಿಯಾನೊ ಶ್ರುತಿಯ ಬಗ್ಗೆ 1836ರಲ್ಲಿ ಪುಸ್ತಕ ಬರೆದ ಕ್ಲೋದ್ ಮೊಂತಾಲ್ ಕಣ್ಣು ಕಾಣದವರು. ನಮಗೆ ಅಷ್ಟು ದೂರ ಯಾಕೆ, ಗದಗಿನ ಪಂಚಾಕ್ಷರಿ ಗವಾಯಿಗಳು (1892-1944), ಪುಟ್ಟರಾಜ ಗವಾಯಿಗಳು (1914-2010) ಇಲ್ಲವೇ? ಕಣ್ಣಿಲ್ಲದ ಗುರುಗಳು ಎಷ್ಟು ಮಕ್ಕಳಿಗೆ ಕಿವಿ ಕೊಟ್ಟರು!

ಹಾಗಂತ ಧಾರೂರಿನ ಹಿರಿಯರು ಮೊಬೈಲನ್ನು ಬೈಯಲಿಲ್ಲ. ಕೊನೆಯ ಸಪ್ತಕಕ್ಕೆ ಬಂದಾಗ ಮೊಮ್ಮಗನನ್ನು ಕರೆದು ಅವನ ಮೊಬೈಲು ಪಕ್ಕದಲ್ಲಿಡಿಸಿಕೊಂಡರು. "ವಯಸ್ಸಾಯ್ತರೀ, ಮ್ಯಾಲಿನ ಸ್ವರ ಕಿವಿಗಿ ಮೊದಲಿನಂಗ ಬೀಳಂಗಿಲ್ಲ. ಇದು ಹೇಳತದ, ನಾ ಕೇಳತೀನಿ." ನಾವು ಗಾಂಧಾರದ ಬಗ್ಗೆ ಕೇಳಿದೆವು. ತಂಬೂರಿಯ ಜೊತೆ ಹಾಡಿದಾಗ ಪೇಟಿಯ ಗಾ ಯಾಕೆ ಸ್ವಲ್ಪ ಏರಿದಂತೆ ಕೇಳುತ್ತದೆ? ಅದು ಕೆಟ್ಟಿದ್ದಲ್ಲ, ಪೇಟಿಯ ಸ್ವಭಾವ ಅಂದರು. ಯಾವ ಕೀಲಿಯಿಂದಲೂ ಹಾಡಲು ಬರಲಿ ಎಂದು ಹನ್ನೆರಡೂ ಸ್ವರಗಳನ್ನು ಸಮವಾಗಿ ಹಂಚಿದ್ದರಿಂದ ಗಾಂಧಾರ ಸುಮಾರು 14 ಸೆಂಟ್ ಮೇಲಿರುತ್ತದೆ. ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ದೂರ ಇಟ್ಟಿದ್ದಕ್ಕೆ ಇಂಥ ದೂರುಗಳೂ ಕಾರಣ. ಆ 14 ಸೆಂಟ್ ಮೇಲೆ ನಿಂತ ಗಾಂಧಾರಕ್ಕೂ ಮೊಬೈಲು ಹಸಿರೇ ತೋರಿಸುತ್ತದೆ.

ಸೀಳಿದ ರೀಡಿನ ಜಾಗಕ್ಕೆ ತಮ್ಮ ಡಬ್ಬಿಯಿಂದ ಇನ್ನೊಂದು ಹಾಕಿಕೊಟ್ಟರು. ಸಂಜೆಯ ರೈಲಿನಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ನಮ್ಮ ಮಕ್ಕಳಿಗೆ ಕಚೇರಿಯಲ್ಲಿ ತೆಲುಗು ಬರಲ್ಲ ಅಂತಾರೆ, ಪೇಟೆಯಲ್ಲಿ ಇಂಗ್ಲಿಷ್ ಬರಲ್ಲ ಅಂತಾರೆ, ಆಚೆ ಕರ್ನಾಟಕಕ್ಕೆ ಹೋದರೆ ನಿಮ್ಮ ಕನ್ನಡವೇ ಸರಿ ಇಲ್ಲ ಅಂತಾರೆ. ನಿನಗೆ ಗೊತ್ತಿಲ್ಲ ಕೂಡು ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಆ ಸಾಲಿಗೆ ಅವಳ ಸ್ವಂತ ಮಾಸ್ತರರೂ ಸೇರಿಬಿಟ್ಟೆವಲ್ಲ!

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಅವಳನ್ನು ಕರೆದೆವು. ಅವತ್ತು ನೀನು ಹೇಳಿದ್ದೇ ಸರಿ, ನಾವು ಹೇಳಿದ್ದು ತಪ್ಪು ಎಂದು ಹೇಳಿದೆವು. ಪೇಟಿಯ ಮುಂದೆ ಕೂರಿಸಿ ಸಾ ಒತ್ತಿದೆವು. ಅವಳು ಬಹಳ ಹೊತ್ತು ಕೇಳಿದಳು.

"ಈಗ ನಿಂತದ್ರಿ" ಅಂದಳು. ಸ್ವಲ್ಪ ತಡೆದು, "ನೀ ಸ್ವಲ್ಪ ನಡಗತದ ನೋಡ್ರಿ" ಅಂದಳು.

ಈ ಸಲ ನಾವು ಮೊಬೈಲು ತೆಗೆಯಲಿಲ್ಲ. ತಿದಿ ನಿಧಾನ ಒತ್ತಿ ಎಲ್ಲರೂ ಕಿವಿಗೊಟ್ಟೆವು. ಹತ್ತು ಎಣಿಸುವಷ್ಟರಲ್ಲಿ ಒಂದು ಸಣ್ಣ ಅಲೆ. ಹೌದು, ಇತ್ತು.

ನಿಮ್ಮ ಶಾಲೆಯಲ್ಲೂ ಪೇಟಿ ಇದ್ದರೆ ಒಂದು ದಿನ ಮಕ್ಕಳಿಗೆ ಒಂದೇ ಸ್ವರ ಒತ್ತಿಹಿಡಿದು, ಅಲೆ ಎಷ್ಟು ಬಂತು ಎಣಿಸಲು ಹೇಳಿ. ಆಮೇಲೆ ಬೇಕಾದರೆ ಮೊಬೈಲು ನೋಡಿ. ಏನಾಯಿತು ಎಂದು ನಮಗೂ ತಿಳಿಸುತ್ತೀರಲ್ಲ?